ಬೇಸ್ ಬಾಕ್ಸು, ಪಿಂಗಾಣಿ ಕಪ್ಪು

ಮನೆಯ ಯಜಮಾನನಿಗೆ ಹವ್ಯಾಸ ಹತ್ತಿ, ಯಜಮಾನಿತಿಗೆ ಕಿವಿ ಸರಿಯಾಗಿ ಕೇಳಿಸುತ್ತಿದ್ದರೆ ಅಂಥ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಜಮಖಂಡಿಯ ನಮ್ಮ ಮನೆಯಲ್ಲಿ ಎರಡು ವರ್ಷದಿಂದ ನಡೆಯುತ್ತಿವೆ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಅಲ್ಲಿಯ ಸಿಸ್ಟರುಗಳು ನಮಗೆ ಮೂರು ವಿಷಯ ಕಲಿಸಿದರು. ಬೆನ್ನು ನೆಟ್ಟಗಿರಬೇಕು, ಉಚ್ಚಾರ ಸ್ವಚ್ಛವಾಗಿರಬೇಕು, ಮನೆಯಲ್ಲಿ ಒಳ್ಳೆಯ ಕಪ್ಪುಗಳ ಒಂದು ಸೆಟ್ ಇರಬೇಕು. ನನ್ನ ಸೆಟ್ಟು ತವರಿನಿಂದ ಬಂದದ್ದು. ಬಿಳಿ ಪಿಂಗಾಣಿ, ನೀಲಿ ಅಂಚು, ಅಂಚಿನ ಮೇಲೆ ಕೂದಲೆಳೆಯಷ್ಟು ಬಂಗಾರದ ಗೆರೆ, ಒಟ್ಟು ಆರು. ಮದುವೆಯಾದಾಗಿನಿಂದ ಅವು ಷೋಕೇಸಿನಿಂದ ಹೊರಗೆ ಬಂದದ್ದು ಎರಡೇ ಸಲ. ಒಮ್ಮೆ ನಮ್ಮ ಕಾನ್ವೆಂಟಿನ ಮದರ್ ಈ ಊರಿನ ಮೇಲೆ ಹಾಯ್ದು ಹೋಗುವಾಗ ಬಂದಿದ್ದರು. ಇನ್ನೊಮ್ಮೆ ಒಬ್ಬ ದೊಡ್ಡ ಅಧಿಕಾರಿ ಬಂದಿದ್ದರು, ದಾರಿ ತಪ್ಪಿ.

ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿದ್ದರು. ಆಯುಷ್ಯವೆಲ್ಲ ಒಂದರಲ್ಲಿ ಇನ್ನೊಂದು ಬೆರೆಸಿ ರೂಢಿಯಾದ ಕೈ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ಹಿತ್ತಲಿನ ಶೆಡ್ಡಿನಲ್ಲಿ ಕಾರುಗಳಿಗೆ ಫೈಬರ್ ಗ್ಲಾಸಿನ ಸ್ಪೀಕರ್ ಬಾಕ್ಸ್ ಮಾಡುವ ಕೆಲಸ ಶುರು ಮಾಡಿದರು. ಕಾರಿನ ಡಿಕ್ಕಿಯ ಮೂಲೆ ಸೊಟ್ಟಗಿರುತ್ತದೆ, ಕಟ್ಟಿಗೆಯ ಚೌಕ ಡಬ್ಬಿ ಅಲ್ಲಿ ಕೂಡುವುದಿಲ್ಲ. ಇವರು ಆ ಮೂಲೆಯದೇ ಅಚ್ಚು ತೆಗೆದು, ಮೇಲೆ ಸ್ಪೀಕರ್ ಕೂಡುವ ಕಟ್ಟಿಗೆಯ ಬಳೆ ನಿಲ್ಲಿಸಿ, ಅದಕ್ಕೆ ಬಟ್ಟೆ ಎಳೆದು ಕಟ್ಟಿ, ರಾಳದ ಪಾಕ ಬಳಿಯುತ್ತಾರೆ. ಒಣಗಿದ ಮೇಲೆ ಬಟ್ಟೆ ಕಲ್ಲಾಗುತ್ತದೆ. ಬಳೆ ಕೊರೆಯಲು ಬನಹಟ್ಟಿಯಿಂದ ಒಬ್ಬ ಹಿರಿಯ ಮೇಸ್ತ್ರಿ ಬರುತ್ತಾರೆ. ಮೊದಲು ಕೈಮಗ್ಗದ ಕಟ್ಟಿಗೆ ಸಾಮಾನು ಮಾಡುತ್ತಿದ್ದವರು.

ಆ ಶೆಡ್ಡನ್ನು ಕಟ್ಟಿಸಿದ್ದು ನನ್ನ ಇಂಗ್ಲಿಷ್ ಸಂಭಾಷಣೆಯ ತರಗತಿಗೆ. ಈಗ ಮಕ್ಕಳು ವರಾಂಡದಲ್ಲಿ ಕೂತು, ಹಿತ್ತಲಿನ ಗುಡುಗಿನ ನಡುವೆ 'ಗುಡ್ ಮಾರ್ನಿಂಗ್' ಎನ್ನುತ್ತಾರೆ. ಬರುವ ಗಿರಾಕಿಗಳೋ, ಗೇಟು ತೆರೆಯದೆ ಹಾರನ್ ಬಾರಿಸುವವರು. ಒಂದು ದಿನ ನಾನು ಮೇಸ್ತ್ರಿಯ ಎದುರಿಗೇ ಸ್ಪಷ್ಟವಾಗಿ ಹೇಳಿದೆ. ಯುಗಾದಿಯೊಳಗೆ ಒಬ್ಬ ಸಭ್ಯ ಗಿರಾಕಿ ಬರಬೇಕು, ಷೋಕೇಸಿನ ಕಪ್ಪುಗಳು ಹೊರಗೆ ಬರಬೇಕು. ಬಂದರೆ ಶೆಡ್ಡು ನಿಮ್ಮದು. ಬರದಿದ್ದರೆ ಪಾಡ್ಯದ ದಿನ ಶೆಡ್ಡು ಖಾಲಿ, ಬೇವು ಬೆಲ್ಲ ಅಲ್ಲೇ ಹಂಚುತ್ತೇನೆ, ನನ್ನ ತರಗತಿಯ ಮಕ್ಕಳಿಗೆ.

ನಮ್ಮ ಮನೆಯವರು ಒಪ್ಪಿದರು. ಅವರಿಗೆ ಆ ಶೆಡ್ಡು ಬಿಟ್ಟರೆ ಹೋಗಲು ಬೇರೆ ಜಾಗವಿರಲಿಲ್ಲ. ಅಂದಿನಿಂದ ಪ್ರತಿ ಗಿರಾಕಿ ಹೋದ ಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವರು ಲೆಕ್ಕಕ್ಕ ಬರ್ತಾರೇನು?"

ಜೋಳದ ಡಬ್ಬಿ

ಶೆಡ್ಡಿಗೆ ಬೋರ್ಡು ಬರೆಯಲು ಬಂದವನು 'ಬಾಸ್ ಬಾಕ್ಸ್' ಎಂದು ಬರೆದಿದ್ದ. ಬಾಸ್ ಎಂದರೆ ಯಜಮಾನ. ಈ ಮನೆಯಲ್ಲಿ ಅದು ಯಾರೆಂದು ಬೋರ್ಡಿನ ಮೇಲೆ ಬರೆಯುವ ಅಗತ್ಯವಿಲ್ಲ. ಸ್ಪೀಕರಿನಿಂದ ಹೊರಡುವ ಆ ದಪ್ಪ ದನಿಗೆ ಇಂಗ್ಲಿಷಿನಲ್ಲಿ 'ಬೇಸ್' ಎನ್ನಬೇಕು. ತಿದ್ದಿ ಬರೆ ಎಂದೆ. ಜಮಖಂಡಿ ತುಂಬ ಎಲ್ಲರೂ ಬಾಸ್ ಅಂತಲೇ ಅಂತಾರೆ ಎಂದು ಆತ ಗೊಣಗಿದ. ಹಾಗಾದರೆ ಜಮಖಂಡಿ ತುಂಬ ತಪ್ಪು ಎಂದೆ. ಬೋರ್ಡು 'ಬೇಸ್ ಬಾಕ್ಸ್' ಆಯಿತು.

ಮೇಸ್ತ್ರಿ ಅದರ ಎದುರಿಗೆ ಬಹಳ ಹೊತ್ತು ನಿಂತಿದ್ದರು. "ಅವ್ವಾರ, ಬೇಸ್ ಅಂದ್ರ ನಮ್ಮ ಕಡೆ ಛಲೋ ಅಂತಲ್ರಿ" ಎಂದರು. ಒಳ್ಳೆಯದಕ್ಕೆ ಬೇಸ್ ಎನ್ನುವುದು ಹಳ್ಳಿಯ ಮಾತು, ಇದು ಇಂಗ್ಲಿಷ್, ಎರಡನ್ನೂ ಕಲಸಬಾರದು ಎಂದು ತಿಳಿಸಿ ಹೇಳಿದೆ.

ನಾಲ್ಕನೆಯ ದಿನ, ಬೋರ್ಡು ನೋಡಿ ಒಳಗೆ ಬಂದ ಮೊದಲ ಗಿರಾಕಿ ಬಂದರು. ಸಂತೆಗೆ ಬಂದ ಒಬ್ಬ ಅಜ್ಜಿ. ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿಕೊಂಡು ಒಳಗೆ ಬಂದು, ತನ್ನ ಮನೆಯ ಡಬ್ಬಿಗಳಲ್ಲೊಂದೂ ಬೇಸ್ ಇಲ್ಲ, ಎಲ್ಲವನ್ನೂ ಇಲಿಗಳು ಕಡಿದಿವೆ, ಜೋಳ ಇಡಲು ಒಂದು ಬೇಸ್ ಬಾಕ್ಸ್ ಬೇಕು ಎಂದಳು. ಇದು ಜೋಳದ ಡಬ್ಬಿಯಲ್ಲ, ಹಾಡಿನ ಡಬ್ಬಿ ಎಂದು ನಮ್ಮ ಮನೆಯವರು ವಿವರಿಸಿದರು.

"ಹಾಡ ನಾನ ಹಾಡ್ಕೋತೇನು. ಡಬ್ಬಿ ನೀ ಕೊಡು" ಎಂದಳು ಅಜ್ಜಿ.

ಬೇರೆ ಕೆಲಸವಿರಲಿಲ್ಲ. ಪ್ರಯೋಗಕ್ಕೆಂದು ಮಾಡಿಟ್ಟಿದ್ದ ಒಂದು ಬಾಕ್ಸಿನ ತೂತಿಗೆ ಮೇಸ್ತ್ರಿ ಮುಚ್ಚಳ ಕೂಡಿಸಿ ಕೊಟ್ಟರು. ತಿಂಗಳ ಮೇಲೆ ಅಜ್ಜಿ ತಾನಾಗಿ ಬಂದು ವರದಿ ಒಪ್ಪಿಸಿದಳು: ಇಲಿಗಳು ಹಲ್ಲು ಮುರಿದುಕೊಂಡು ಹೋಗಿವೆ, ಬಾಕ್ಸ್ ಬೇಸ್ ಐತಿ. ಮೆಟ್ಟಿಲ ಮೇಲೆ ಕೂತು, ಸ್ಟೀಲ್ ಲೋಟದ ಚಹಾವನ್ನು ಬಟ್ಟಲಿಗೆ ಸುರಿದುಕೊಂಡು, ಓಣಿಗೆಲ್ಲ ಕೇಳುವಂತೆ ಹೀರಿ ಹೋದಳು.

ಲೆಕ್ಕಕ್ಕೆ ಬರಲಿಲ್ಲ. ಆದರೆ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅಲ್ಲಿಯವರೆಗೆ ನಮ್ಮ ಶೆಡ್ಡಿನಿಂದ ಹೊರಬಿದ್ದ ಬಾಕ್ಸುಗಳಲ್ಲಿ ಗಿರಾಕಿಯಿಂದ ದೂರು ಬಾರದ ಬಾಕ್ಸ್ ಅದೊಂದೇ, ಅದರಲ್ಲಿ ಸ್ಪೀಕರ್ ಇರಲಿಲ್ಲ.

ಪಾಕ

ಮಹಾಲಿಂಗಪುರದ ಒಬ್ಬ ಬೆಲ್ಲದ ವ್ಯಾಪಾರಿ ಹೊಸ ಕಾರು ತಂದರು. ದೊಡ್ಡ ಮನುಷ್ಯ, ಬಿಳಿ ಅಂಗಿ, ಬಿಳಿ ಟೊಪ್ಪಿಗೆ. ಇವರಿಗೆ ಕಪ್ಪು ತೆಗೆಯಬಹುದೇನೋ ಎಂದು ನಾನೂ ಷೋಕೇಸಿನ ಕೀಲಿಕೈ ಕೈಯಲ್ಲಿ ಹಿಡಿದಿದ್ದೆ.

ಆಗ ನಮ್ಮ ಮನೆಯವರು ಡಬ್ಬಿಯಲ್ಲಿ ರಾಳಕ್ಕೆ ಗಟ್ಟಿ ಮಾಡುವ ದ್ರವ ಬೆರೆಸುತ್ತಿದ್ದರು. ಅದನ್ನು ಬೆರೆಸಿದರೆ ರಾಳ ತಾನಾಗಿ ಬಿಸಿಯಾಗುತ್ತದೆ, ಬಣ್ಣ ಥೇಟ್ ಬೆಲ್ಲದ ಪಾಕದ್ದು. ವ್ಯಾಪಾರಿ ಬಗ್ಗಿ ನೋಡಿದರು. ಬೆಂಕಿ ಇಲ್ಲದೆ ಬಿಸಿಯಾಗುವ ಪಾಕವನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಪಾಕ ಕಂಡರೆ ಆ ಊರಿನವರ ಕೈ ಸುಮ್ಮನಿರುವುದಿಲ್ಲ. ಬೇಡ ಎನ್ನುವುದರೊಳಗೆ ಹೆಬ್ಬೆರಳು, ತೋರುಬೆರಳು ಅದ್ದಿ, ಒಂದಕ್ಕೊಂದು ಒತ್ತಿ ಬಿಡಿಸಿ, ಎಳೆ ನೋಡಿದರು.

"ಇನ್ನಾ ಎಳಿ ಬಂದಿಲ್ರಿ. ಎರಡ ನಿಮಿಷ ತಡೀರಿ" ಎಂದು ಬೆರಳು ಒತ್ತಿ ಹಿಡಿದು ನಿಂತರು.

ಎರಡು ನಿಮಿಷ ತಡೆದರು. ಎಳೆ ಬಂತು. ಬೆರಳು ಬರಲಿಲ್ಲ.

ನಮ್ಮ ಮನೆಯವರು ಬಿಡಿಸುವ ದ್ರವ ತರಲು ಓಡಿದರು. ವ್ಯಾಪಾರಿಗೆ ಪೇಟೆಯಲ್ಲಿ ಬೆಲ್ಲದ ಸವಾಲಿನ, ಅಂದರೆ ಹರಾಜಿನ, ಹೊತ್ತಾಗಿತ್ತು. ಆಮೇಲೆ ಬರುತ್ತೇನೆ ಎಂದು ಚಿಟಿಕೆ ಹಿಡಿದ ಕೈಯಲ್ಲೇ ಹೋದರು. ಅವರ ಪೇಟೆಯಲ್ಲಿ ಸವಾಲು ಕೂಗುವವನ ಎದುರು ಚಿಟಿಕೆ ಎತ್ತಿದರೆ 'ಇನ್ನೊಂದು ಸ್ವಲ್ಪ ಏರಿಸು' ಎಂದು ಅರ್ಥವಂತೆ. ಇವರು ಬೆವರು ಒರೆಸಿಕೊಂಡರೂ ಸವಾಲು ಏರಿತು, ಟೊಪ್ಪಿಗೆ ಸರಿಮಾಡಿಕೊಂಡರೂ ಏರಿತು, ಬೇಡ ಬೇಡ ಎಂದು ಕೈ ಆಡಿಸಿದಾಗ ಎಲ್ಲಕ್ಕಿಂತ ಹೆಚ್ಚು ಏರಿತು.

ಮಾರನೆಯ ದಿನ ಕೈಗೆ ಕರವಸ್ತ್ರ ಸುತ್ತಿಕೊಂಡು ಬಂದರು. ಬೆರಳು ಬಿಡಿಸಿಕೊಟ್ಟ ಮೇಲೆ, ಡಿಕ್ಕಿಯ ಅಳತೆ ತೆಗೆಯೋಣವೇ ಎಂದು ನಮ್ಮ ಮನೆಯವರು ಕೇಳಿದರು.

"ಎಲ್ಲೀದು ತರ್ತೀರಿ ಅಳತಿ" ಎಂದರು ವ್ಯಾಪಾರಿ. "ಡಿಕ್ಕಿ ತುಂಬ ಬೆಲ್ಲ ಐತಿ."

ನಿರಿಗೆ

ರಬಕವಿ-ಬನಹಟ್ಟಿಯಲ್ಲಿ ನಾಲ್ಕು ಪೀಳಿಗೆಯಿಂದ ಸೀರೆ ನೇಯಿಸಿ ಮಾರುವ ಮನೆತನದ ಒಬ್ಬರು ಬಂದರು. ಬಾಕ್ಸಿನ ಮೇಲೆ ಎಳೆಯಲು ನಮ್ಮಲ್ಲಿ ಹಿಗ್ಗುವ ಬಟ್ಟೆ ಬಳಸುತ್ತಾರೆ, ಆಗಲೇ ಅದು ಸುಕ್ಕಿಲ್ಲದೆ ಕೂಡುವುದು. ಅವರು ಆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಕೆಳಗೆ ಬಿಟ್ಟರು. ತಮ್ಮ ಕಾರಿನಲ್ಲಿ ತಮ್ಮ ಮನೆಯ ಸೀರೆ ಬಿಟ್ಟು ಬೇರೆ ಬಟ್ಟೆ ಕೂಡಕೂಡದು, ಅದು ಮನೆತನದ ಪ್ರಶ್ನೆ ಎಂದರು. ಒಂದು ಸೀರೆಯನ್ನೂ ತಂದಿದ್ದರು. ಗಿಣಿ ಹಸಿರು, ಕೆಂಪು ದಡಿ.

ಸೀರೆ ಹಿಗ್ಗುವುದಿಲ್ಲವೆಂದು ನಮ್ಮ ಮನೆಯವರು ಹೇಳಿದರು. ಮೇಸ್ತ್ರಿಯೂ ಹೇಳಿದರು. ಅವರು ಕೇಳಲಿಲ್ಲ. ಬಣ್ಣ ಹಚ್ಚುವುದೂ ಬೇಡ, ನೇಯ್ಗೆ ಕಾಣಬೇಕು, ದಡಿ ಮುಂದೆ ಬರಬೇಕು ಎಂದರು. ಮೇಸ್ತ್ರಿ ಬಳೆಯ ಸುತ್ತ ಸೀರೆ ಎಳೆದು ಎಳೆದು ಸೋತರು. ಹೆಚ್ಚಾದದ್ದನ್ನು ಕೊನೆಗೆ ಮಡಿಸಿ ಮಡಿಸಿ ಒಂದು ಕಡೆ ತಂದು ಸಿಕ್ಕಿಸಿದರು. ಒಣಗಿದ ಮೇಲೆ ನೋಡಿದರೆ, ಡಿಕ್ಕಿಯ ಮೂಲೆಯಲ್ಲಿ ಯಾರೋ ಹೆಣ್ಣುಮಗಳು ಬೆನ್ನು ತಿರುಗಿಸಿ ಕೂತ ಹಾಗಿತ್ತು.

ಅವರಿಗೆ ಭಾರಿ ಸಂತೋಷ. ನಿರಿಗೆ ಏನು ಚಂದ ಕೂತಿವೆ ಎಂದು ಸುತ್ತಲೂ ತಿರುಗಿ ನೋಡಿದರು. ಒಯ್ಯುವ ದಿನ ಹೆಂಡತಿಯನ್ನೂ ಕರೆತಂದರು. ಆಕೆ ಬಗ್ಗಿ ದಡಿಯ ಮೇಲೆ ಕೈಯಾಡಿಸಿದಳು. ದಡಿಯಲ್ಲಿ ಒಂದು ಕಡೆ ಎಳೆ ತಪ್ಪಿತ್ತು. ಇದೇನು, ದೋಷದ ಸೀರೆ ಹಾಕಿದ್ದೀರಲ್ಲ ಎಂದಳು. ಗಂಡ ನಕ್ಕು, ಮಗ್ಗದಿಂದ ಇಳಿದ ಈ ಇಡೀ ಥಾನೇ ಕೆಟ್ಟು ಬಂದದ್ದು, ಪೇಟೆಯಲ್ಲಿ ಯಾರೂ ಮುಟ್ಟಲಿಲ್ಲ, ಅದಕ್ಕೇ ಬಾಕ್ಸಿಗೆ ಹಾಕಿಸಿದೆ, ಒಳ್ಳೆಯದನ್ನು ಯಾರು ಹಾಳು ಮಾಡುತ್ತಾರೆ ಎಂದರು.

ಆಕೆ ನೆಟ್ಟಗೆ ನಿಂತಳು. ನಿಂತ ರೀತಿ ನನಗೆ ಹಿಡಿಸಿತು.

"ಹಂಗಾರ ದೀಪಾವಳಿಗಿ, ನಿನಗಂತ ಬ್ಯಾರೆ ನೇಸೀನಿ ಅಂತ ಹೇಳಿ ನನಗ ಉಡಿಸಿದ್ದು ಯಾವ ಥಾನಿಂದ್ರಿ?"

ಆ ದಿನ ಆಕೆ ಕಾರಿನಲ್ಲಿ ಹೋಗಲಿಲ್ಲ. ಡಿಕ್ಕಿಯಲ್ಲಿ ಒಬ್ಬಳನ್ನು ಕೂಡಿಸೀರಲ್ಲ, ಅಕಿನ್ನ ಕರಕೊಂಡು ಹೋಗ್ರಿ ಎಂದು ಬಸ್ಸಿಗೆ ನಡೆದಳು. ಆಕೆ ಒಬ್ಬಳೇ ಬಂದಿದ್ದರೆ ನಾನು ಕಪ್ಪು ತೆಗೆಯುತ್ತಿದ್ದೆ.

ನಾಯಿಯ ಅಳತೆ

ಮುಧೋಳದವರ ವಿಷಯ ಹೇಳದಿದ್ದರೆ ಅವರು ಬೇಸರಪಟ್ಟುಕೊಳ್ಳುತ್ತಾರೆ. ಅಲ್ಲಿಂದ ಒಬ್ಬ ಜಮೀನುದಾರರು ದೊಡ್ಡ ಗಾಡಿಯಲ್ಲಿ ಬಂದರು. ಹಿಂದಿನ ಬಾಗಿಲು ತೆರೆದರೆ ಒಳಗೆ ಅವರ ಊರಿನ ಪ್ರಖ್ಯಾತ ತಳಿಯ ನಾಯಿ. ಉದ್ದ ಕಾಲು, ಒಣಗಿದ ಹೊಟ್ಟೆ, ನಮ್ಮ ಕಡೆ ನೋಡುವ ನೋಟದಲ್ಲಿ ಸ್ವಲ್ಪ ತಾತ್ಸಾರ. ಬಂದವರ ಪೈಕಿ ಬೆನ್ನು ನೆಟ್ಟಗಿದ್ದದ್ದು ಅದೊಂದರದೇ.

ಆ ಜಾಗ ನಾಯಿಯದು, ಅದು ಮಲಗಿ ಉಳಿದ ಜಾಗದಲ್ಲಿ ಮಾತ್ರ ಬಾಕ್ಸ್ ಕೂಡಿಸಬೇಕು ಎಂದರು ಜಮೀನುದಾರರು. ನಮ್ಮ ಮನೆಯವರು ಅಳತೆಪಟ್ಟಿ ಹಿಡಿದು ಮೂಗಿನಿಂದ ಬಾಲದವರೆಗೆ ನಾಯಿಯನ್ನು ಅಳೆದರು. ಬಾಲವನ್ನು ಚಾಚಿದಾಗ ಅಳೆಯಬೇಕೋ ಮಡಿಸಿದಾಗಲೋ ಎಂದು ಇಬ್ಬರು ನಿವೃತ್ತಿಯ ವಯಸ್ಸಿನ ಗಂಡಸರು ನನ್ನ ತುಳಸಿಕಟ್ಟೆಯ ಬಳಿ ಅರ್ಧ ತಾಸು ಚರ್ಚಿಸಿದರು. ಕೊನೆಗೆ ಬಾಕ್ಸು ನಾಯಿಯ ಬೆನ್ನಿಗೆ ಸರಿಯಾಗಿ ಬಾಗಿದ ಅಚ್ಚಿನಲ್ಲಿ ತಯಾರಾಯಿತು. ದಿಂಬು ಕೂಡ ಅಷ್ಟು ಚಂದ ಒರಗುವುದಿಲ್ಲ.

ಪರೀಕ್ಷೆಗೆಂದು ಅವರು ಲೋಕಾಪುರದವರೆಗೆ ಹೋಗಿ ತಿರುಗಿದರು. ಅಲ್ಲಿಯತನಕ ಸಣ್ಣಗೆ ಹಾಡು. ಮುಧೋಳ ಹತ್ತಿರವಾದಾಗ ಮುಂದೆ ಸಾಲುಗಟ್ಟಿ ಕಬ್ಬಿನ ಟ್ರ್ಯಾಕ್ಟರು, ಪ್ರತಿಯೊಂದರಲ್ಲೂ ಕೋಳಿಗೂಡಿನಷ್ಟು ದೊಡ್ಡ ಸ್ಪೀಕರ್. ಟ್ರ್ಯಾಕ್ಟರಿನವರಿಗೆ ಸೋಲಬಾರದೆಂದು ಜಮೀನುದಾರರು ದನಿ ಪೂರ್ತಿ ಏರಿಸಿದರು. ನಾಯಿಯ ಬೆನ್ನ ಹಿಂದೆಯೇ ಗುದ್ದು ಬಿತ್ತು. ನಾಯಿ ಕಿಟಕಿಯಿಂದ ಹಾರಿತು.

ಇವರು ಹೊಲಹೊಲ ಕೂಗುತ್ತ ಹುಡುಕಿ, ಅಳುಮೋರೆ ಮಾಡಿಕೊಂಡು ಮನೆ ಮುಟ್ಟಿದಾಗ ನಾಯಿ ಹಾಲು ಕುಡಿದು ಕಟ್ಟೆಯ ಮೇಲೆ ಮಲಗಿತ್ತಂತೆ. ದೂರು ತರುತ್ತಾರೆಂದು ನಾವು ಕಾದಿದ್ದೆವು. ಅವರು ಬಂದರು, ಪೇಢೆ ತಂದರು. ತಮ್ಮ ನಾಯಿ ಗಾಡಿಗಿಂತ ಚುರುಕು ಎಂದು ಊರಿಗೆಲ್ಲ ಸಾಕ್ಷಿ ಸಿಕ್ಕಿತಂತೆ. ಆದರೆ ನಾಯಿ ಈಗ ಆ ಗಾಡಿಯ ನೆರಳನ್ನೂ ತುಳಿಯುವುದಿಲ್ಲ.

"ಹಂಗಾರ ಬಾಕ್ಸ್ ತಗಸ್ತೀರೇನು?" ಎಂದು ನಮ್ಮ ಮನೆಯವರು ಕೇಳಿದರು.

"ಬ್ಯಾಡ್ರಿ, ಇರ್ಲಿ. ಮಧ್ಯಾಹ್ನ ಅದಕ್ಕ ಒರಗಿ ಮಲಗಾಕ ನನಗ ಬರೋಬ್ಬರಿ ಆಗತೈತಿ."

ಇವರು ಲೆಕ್ಕಕ್ಕೆ ಬರುತ್ತಾರೇನು ಎಂದು ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. ಯಾರು, ನಾಯಿಯೋ ಎಂದು ಕೇಳಿದೆ.

ಪ್ರಾಚಾರ್ಯರು

ಯುಗಾದಿಗೆ ಮೂರು ವಾರ ಉಳಿದಿತ್ತು. ನಮ್ಮ ಮನೆಯವರು ರಾಳ ತರಲು ಬೆಳಗಾವಿಗೆ ಹೋಗಿದ್ದರು. ಒಂದು ಹಳೆಯ ಬಿಳಿ ಕಾರು ಬಂದು ನಿಂತಿತು. ಹಾರನ್ ಇಲ್ಲ. ಒಬ್ಬರು ಇಳಿದು, ಗೇಟು ತೆರೆದು, ಒಳಗೆ ಬಂದು, ಗೇಟನ್ನು ಮತ್ತೆ ಮುಚ್ಚಿದರು. ಎರಡು ವರ್ಷದಲ್ಲಿ ಆ ಗೇಟನ್ನು ಮತ್ತೆ ಮುಚ್ಚಿದ ಮೊದಲ ಗಿರಾಕಿ.

ಬೀಳಗಿಯವರು, ನಿವೃತ್ತ ಪ್ರಾಚಾರ್ಯರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬಾ, ಜೇಬಿನಲ್ಲಿ ಶಾಯಿ ಪೆನ್ನು. ದಿನಾ ಸಂಜೆ ಹೆಂಡತಿಯನ್ನು ಕರೆದುಕೊಂಡು ನದಿಯ ಹಿನ್ನೀರಿನ ಕಡೆ ಹೋಗಿ, ಕಾರಿನಲ್ಲಿ ಕೂತು ವಚನ ಕೇಳುತ್ತಾರಂತೆ. ಕಾರಿನ ಸ್ಪೀಕರ್ ಕರಕರ ಎನ್ನುತ್ತಿದೆ. ನಾನು ನೇರವಾಗಿ ಷೋಕೇಸಿನತ್ತ ನಡೆದೆ. ಅವರು ಕೈಮುಗಿದು, ಸೋಮವಾರ, ಒಪ್ಪತ್ತು, ಚಹಾ ಕುಡಿಯುವುದಿಲ್ಲ, ಕೆಲಸ ಮುಗಿದ ದಿನ ಅವಶ್ಯವಾಗಿ ಕುಡಿಯುತ್ತೇನೆ ಎಂದರು. ನಿರಾಕರಿಸುವ ರೀತಿಯೂ ಅಷ್ಟು ಸಭ್ಯ.

ಆರ್ಡರಿನ ವಹಿ ತೆಗೆದು ನಾನೇ ಬರೆದುಕೊಂಡೆ. ಎಂಥ ಬಾಕ್ಸ್ ಬೇಕು ಎಂದೆ.

"ದೊಡ್ಡದೇನ ಬ್ಯಾಡ್ರಿ. ಬೇಸ್ ಆಗಬೇಕು, ಅಷ್ಟ."

ನನ್ನ ಕಿವಿಗೆ ತಂಪಾಯಿತು. ಬಾಸ್ ಅಲ್ಲ, ಬೇಸ್. ನಾಲ್ಕು ಊರಿನಲ್ಲಿ ಆ ಶಬ್ದವನ್ನು ಸರಿಯಾಗಿ ಉಚ್ಚರಿಸಿದ ಒಬ್ಬರೇ ಒಬ್ಬರು. ನಾನು ಪೆನ್ನು ಎತ್ತಿ, ಬೇಸ್ ಎಷ್ಟು ಇರಲಿ ಸರ್, ಸಾಧಾರಣವೋ ಹೆಚ್ಚೋ ಎಂದು ಕೇಳಿದೆ.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಪೂರಾ ಬೇಸ್ ಆಗಬೇಕ್ರಿ. ಅರ್ಧಂಬರ್ಧ ಕೆಲಸ ನನಗ ಸೇರಂಗಿಲ್ಲ."

'ಪೂರಾ ಬೇಸ್' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದೆ.

ಬೆಳಗಾವಿಯಿಂದ ಬಂದ ನಮ್ಮ ಮನೆಯವರು ವಹಿ ನೋಡಿ ಕನ್ನಡಕ ತೆಗೆದು ಒರೆಸಿದರು. ವಚನ ಕೇಳುವವರಿಗೆ ಇಷ್ಟು ಬೇಸ್ ಯಾಕೆ ಎಂದರು. ಪ್ರಾಚಾರ್ಯರು ನಿಮ್ಮ ಉಳಿದ ಗಿರಾಕಿಗಳ ಹಾಗಲ್ಲ, ಒಂದೊಂದು ಅಕ್ಷರ ಬಿಡಿಸಿ ಹೇಳಿದ್ದಾರೆ ಎಂದೆ. ಮೇಸ್ತ್ರಿ ಮಾತ್ರ ಉಳಿ ಕೆಳಗಿಟ್ಟರು.

"ಅವ್ವಾರ, ಅವರಂದಿದ್ದು ಬೋರ್ಡಿನ ಬೇಸೋ, ನಮ್ಮ ಬೇಸೋ?"

ಬೇಸ್ ಒಂದೇ ಇರುವುದು ಎಂದೆ. ಮೇಸ್ತ್ರಿ ಉಳಿ ಎತ್ತಿಕೊಂಡರು.

ಎರಡು ವಾರ ದುಡಿದರು. ಶೆಡ್ಡು ಉಳಿಯುವುದು ಈ ಒಂದು ಬಾಕ್ಸಿನ ಮೇಲೆ ಎಂದು ನಮ್ಮ ಮನೆಯವರಿಗೆ ಗೊತ್ತಿತ್ತು. ಊಟದ ನಡುವೆ ಎದ್ದು ಹೋಗಿ ರಾಳ ಮುಟ್ಟಿ ನೋಡಿ ಬರುತ್ತಿದ್ದರು. ಹರಿವಾಣದಗಲ ಎರಡು ಸ್ಪೀಕರು, ನಾಲ್ಕು ಪದರ ಫೈಬರ್, ಮೇಲೆ ಮುತ್ತಿನಂಥ ಬಿಳಿ ಬಣ್ಣ. ಅಷ್ಟು ಚಂದದ ವಸ್ತು ಆ ಶೆಡ್ಡಿನಿಂದ ಹಿಂದೆ ಬಂದಿರಲಿಲ್ಲ, ನಾನೂ ಒಪ್ಪುತ್ತೇನೆ.

ಒಯ್ಯುವ ದಿನ ಕಾರು ನಮ್ಮ ಅಂಗಳದಲ್ಲೇ ಇತ್ತು, ಹಿಂಭಾಗ ನಡುಮನೆಯ ಕಿಟಕಿಯ ಕಡೆಗೆ. ನಾನು ಬೆಳಿಗ್ಗೆಯೇ ಆರು ಕಪ್ಪು ತೊಳೆದು ಒರೆಸಿ, ಕಾನ್ವೆಂಟಿನಲ್ಲಿ ಕಸೂತಿ ಹಾಕಿದ ಬಟ್ಟೆಯ ಮೇಲೆ ಷೋಕೇಸಿನ ಮುಂದಿನ ಅಂಚಿಗೆ ಸಾಲಾಗಿ ಇಟ್ಟಿದ್ದೆ. ಕೈಗೆ ಸಿಗಲೆಂದು ಗಾಜಿನ ಬಾಗಿಲನ್ನೂ ಸರಿಸಿಟ್ಟಿದ್ದೆ. ಚಹಾ ಕುದಿಯುತ್ತಿತ್ತು. ಪ್ರಾಚಾರ್ಯರು ಬಂದು, ಗೇಟು ಮುಚ್ಚಿ, ಚಪ್ಪಲಿ ಬಿಟ್ಟು, ಕಾರಿನಲ್ಲಿ ಕೂತು ವಚನ ಹಚ್ಚಿದರು.

ಮೊದಲು ತಂಬೂರಿ. ಕಿಟಕಿಯ ಸರಳುಗಳು ಶ್ರುತಿ ಹಿಡಿದವು. ಮೇಸ್ತ್ರಿಯ ಕನ್ನಡಕ ಮೂಗಿನ ತುದಿಗೆ ಬಂತು. ಆಮೇಲೆ ತಬಲದವನು ಎಡಗೈಯಿಂದ ಒಂದು ಪೆಟ್ಟು ಕೊಟ್ಟ. ಅದು ನನಗೆ ಅಂಗಾಲಿನಲ್ಲಿ ಕೇಳಿಸಿತು. ಬೆನ್ನ ಹಿಂದೆ, ನಡುಮನೆಯೊಳಗೆ, ಕಿಣಿಕಿಣಿ ಎಂದು ಸಣ್ಣ ಸದ್ದಾಯಿತು. ತಿರುಗಿದೆ. ಆರೂ ಕಪ್ಪುಗಳು ಕಸೂತಿ ಬಟ್ಟೆಯ ಸಮೇತ ಪ್ರಾರ್ಥನೆಗೆ ಹೊರಟ ಕಾನ್ವೆಂಟಿನ ಹುಡುಗಿಯರ ಹಾಗೆ ಸಾಲು ಕೆಡದೆ ನಡೆದು ಬರುತ್ತಿದ್ದವು.

ಎರಡನೆಯ ಪೆಟ್ಟು ಬಿದ್ದಾಗ ಮೊದಲ ಕಪ್ಪು ನೆಲಕ್ಕೆ ಇಳಿಯಿತು. ಉಳಿದವು ಶಿಸ್ತಾಗಿ ಹಿಂಬಾಲಿಸಿದವು.

ಪ್ರಾಚಾರ್ಯರು ನಿಲ್ಲಿಸಿ ಒಳಗೆ ಬಂದರು. ನೆಲ ನೋಡಿದರು, ಚೂರುಗಳನ್ನು ದಾಟಿ ಕುರ್ಚಿಯಲ್ಲಿ ಕೂತರು. ನಾನು ಸ್ಟೀಲ್ ಲೋಟದಲ್ಲಿ ಚಹಾ ತಂದಿಟ್ಟೆ. ಅವರು ನಿಧಾನವಾಗಿ ಕುಡಿದು ಮುಗಿಸಿ ಹೇಳಿದರು: "ಬೇಸ್ ಐತ್ರಿ."

ಬೇಸ್ ಎಂದರೆ ಸರ್, ಯಾವುದು, ಸದ್ದೇ ಎಂದು ಕೇಳಿದೆ.

"ಚಹಾರಿ. ಬಾಕ್ಸಿನ ಬಗ್ಗೆ ಏನ ಹೇಳ್ಲಿ. ನಾ ಬೇಸ್ ಮಾಡ್ರಿ ಅಂದಿದ್ದೆ, ಛಲೋ ಮಾಡ್ರಿ ಅಂತ." ಅವರು ಲೋಟ ಕೆಳಗಿಟ್ಟರು. "ಈ ಗುದ್ದಿಗೆ ನಾವು ಬಾಸ್ ಅಂತೇವ್ರಿ."

ದನಿ ತಗ್ಗಿಸುವ ಗುಂಡಿ ತೋರಿಸುತ್ತೇನೆ ಎಂದು ನಮ್ಮ ಮನೆಯವರು ಅವರನ್ನು ಕಾರಿಗೆ ಕರೆದೊಯ್ದರು, ತೋರಿಸಿದರು, ಕಳಿಸಿದರು. ಗೇಟು ಮುಚ್ಚಿದ ಸದ್ದು ಕೇಳಿತು. ಆಮೇಲೆ ಒಳಗೆ ಬಂದು, ತಾವೇ ಪೊರಕೆ ತೆಗೆದುಕೊಂಡು, ನೀಲಿ ಅಂಚಿನ ಚೂರುಗಳನ್ನು ಒಂದು ಕಡೆ ಕೂಡಿಸತೊಡಗಿದರು. ನಾನು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದೆ. ಸಿಸ್ಟರುಗಳು ಕಲಿಸಿದ್ದರಲ್ಲಿ ಇನ್ನು ಉಳಿದದ್ದು ಅದೊಂದೇ. ಯುಗಾದಿಗೆ ನಾಲ್ಕೇ ದಿನವಿತ್ತು.

"ಗಿರಾಕಿ ಸಭ್ಯರು" ಎಂದರು ಅವರು, ತಲೆ ಎತ್ತದೆ. "ಷೋಕೇಸಿನ ಕಪ್ಪು ಹೊರಗ ಬಂದಾವ. ಶೆಡ್ಡ ಯಾರದಾತು?"

ಮೇಸ್ತ್ರಿ ಬಾಗಿಲಲ್ಲಿ ನಿಂತು ಮುರಿದ ಕಪ್ಪುಗಳ ಹಿಡಿಕೆಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದರು.

"ಆರಕ್ಕ ಆರೂ ಬಂದಾವ್ರಿ, ಅವ್ವಾರ" ಎಂದರು. "ಬೇಸ್ ಆತು."